ಜಗಳ ಆಡಿದವರ ಹತ್ತಿರವೇ ಶಿಫಾರಸು ಕೇಳಿದ್ದು: ಗೋಕುಲ ರಸ್ತೆಯ ಒಂದು ಪ್ರಕರಣ

ಲಿಂಕ್ಡ್‌ಇನ್‌ನಲ್ಲಿ ಶಿಫಾರಸು ಹೇಗೆ ಕೇಳಬೇಕು ಅನ್ನೋದಕ್ಕೆ ಒಬ್ಬ ಹುಡುಗಿಯ ಕಥೆ ಹೇಳುತ್ತೇನೆ. ಇವಳು ಹುಬ್ಬಳ್ಳಿಯ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಒಂದು ವಾಲ್ವ್ ಕಂಪನಿಯ ಕ್ಯೂಸಿ, ಅಂದರೆ ಗುಣಮಟ್ಟ ಪರೀಕ್ಷೆಯ, ಇಂಜಿನಿಯರ್. ಮನೆ ಗದಗ-ಬೆಟಗೇರಿ. ದಿನಾ ರೈಲಿಗೆ ಬಂದು ಹೋಗುತ್ತಿದ್ದಳು. ಹೆಸರು ಹಾಕುತ್ತಿಲ್ಲ, ಕಂಪನಿಯ ಹೆಸರೂ ಬೇಡ. ಹುಬ್ಬಳ್ಳಿ ಅಂದರೆ ಹೊರಗಿನವರಿಗೆ ಉದ್ದನೆಯ ರೈಲ್ವೆ ಪ್ಲಾಟ್‌ಫಾರ್ಮ್ ನೆನಪಾಗುತ್ತದೆ, ಗಿರಮಿಟ್ ನೆನಪಾಗುತ್ತದೆ. ಆದರೆ ರಿಫೈನರಿಗೋ ಪವರ್ ಪ್ಲಾಂಟಿಗೋ ವಾಲ್ವ್ ಕೊಳ್ಳುವವರನ್ನು ಕೇಳಿ ನೋಡಿ, ಅವರಿಗೆ ಈ ಊರು ಬೇರೆ ಕಾರಣಕ್ಕೇ ಗೊತ್ತಿರುತ್ತದೆ.

ನಾನು ಈ ಭಾಗದ ಸಣ್ಣ, ಮಧ್ಯಮ ಘಟಕಗಳಿಗೆ ಜನ ಹುಡುಕಿ ಕೊಡುವ ಕೆಲಸ ಮಾಡುತ್ತೇನೆ. ಲಿಂಕ್ಡ್‌ಇನ್ ಪ್ರೊಫೈಲ್ ಓದುವುದೇ ಅರ್ಧ ದಿನದ ಕೆಲಸ. ಇವಳು ನನ್ನ ಹತ್ತಿರ ಬಂದದ್ದು ಪುಣೆಯ ಕಡೆ ಸಪ್ಲೈಯರ್ ಕ್ವಾಲಿಟಿಯ, ಅಂದರೆ ಮಾಲು ಪೂರೈಸುವವರ ಗುಣಮಟ್ಟ ನೋಡುವ, ಕೆಲಸ ಬೇಕು ಅಂತ. ಅರ್ಜಿ ಹಾಕುತ್ತಿದ್ದಳು, ಕರೆ ಬರುತ್ತಿರಲಿಲ್ಲ. ರೆಸ್ಯೂಮೆಯಲ್ಲಿ ದೊಡ್ಡ ತಪ್ಪೇನೂ ಇರಲಿಲ್ಲ. ಪ್ರೊಫೈಲ್‌ನಲ್ಲಿ ಸ್ಕಿಲ್‌ಗಳ ಕೆಳಗೆ ಎಂಡಾರ್ಸ್‌ಮೆಂಟ್‌ಗಳು ರಾಶಿ ಬಿದ್ದಿದ್ದವು, 2012ರಲ್ಲಿ ಆ ಸೌಲಭ್ಯ ಬಂದಾಗಿನಿಂದ ಒಂದು ಸಲ ಒತ್ತಿದರೆ ಸಾಕು, ಕಾಲೇಜಿನ ಗೆಳತಿಯೂ ‘ಹೈಡ್ರೋ ಟೆಸ್ಟಿಂಗ್’ಗೆ ಸಾಕ್ಷಿ ಆಗಿಬಿಡುತ್ತಾಳೆ. ಅದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಬರೆದ ಶಿಫಾರಸು, ಅಂದರೆ ರೆಕಮೆಂಡೇಶನ್, ಅದನ್ನು ಮಾತ್ರ ಜನ ನಿಂತು ಓದುತ್ತಾರೆ.

ಅಂಥವು ಅವಳಿಗೆ ಎರಡು ಇದ್ದವು. ಹೇಗೆ ಬಂದವು ಅಂತ ಕೇಳಿದೆ. ಒಂದು ಭಾನುವಾರ ಕೂತು, ಕನೆಕ್ಷನ್‌ನಲ್ಲಿ ಇದ್ದ ಆಫೀಸಿನವರೆಲ್ಲರ ಪ್ರೊಫೈಲ್ ತೆಗೆದು, ರೆಕಮೆಂಡೇಶನ್ ಕೇಳುವ ಬಟನ್ ಒತ್ತುತ್ತಾ ಹೋಗಿದ್ದಳಂತೆ. ಆ ಬಟನ್ ಒತ್ತಿದರೆ ಮೊದಲು ನಿಮಗೂ ಅವರಿಗೂ ಏನು ಸಂಬಂಧ ಅಂತ ಕೇಳುತ್ತದೆ, ಆಮೇಲೆ ಆಗ ನೀವು ಯಾವ ಹುದ್ದೆಯಲ್ಲಿದ್ದಿರಿ ಅಂತ, ಕೊನೆಗೆ ಒಂದು ಸಿದ್ಧ ಸಾಲು ಬರೆದೇ ಇಟ್ಟಿರುತ್ತದೆ. ಅದನ್ನು ಹಾಗೇ ಕಳಿಸಿದ್ದಳು. ಸಂಬಂಧದ ಜಾಗದಲ್ಲಿ ಎಲ್ಲರಿಗೂ ‘ಒಂದೇ ತಂಡ’. ಜಿಎಂ (ಜನರಲ್ ಮ್ಯಾನೇಜರ್) ಸಾಹೇಬರಿಗೂ ಅದೇ!

ಬಹಳಷ್ಟು ಜನ ಉತ್ತರಿಸಲಿಲ್ಲ. ಒಬ್ಬ ಗೆಳತಿ ಅವತ್ತೇ ಬರೆದಳು. ಇನ್ನೊಂದು ಜಿಎಂ ಅವರದು. ಅವರು ಮರುದಿನ ಶಾಪ್ ಫ್ಲೋರ್‌ನಲ್ಲಿ ಸಿಕ್ಕು, “ನಿಂದು ನೀನ ಬರ್ದು ಕಳಸವಾ, ನಾ ಹಾಕಿಬಿಡ್ತೀನಿ” ಅಂದರು. ನಮ್ಮ ಕಡೆ ಇದು ಒಳ್ಳೆಯ ಮನಸ್ಸಿನಿಂದ ಬರುವ ಮಾತೇ, ಮೈಗಳ್ಳತನ ಅಂತ ತಿಳಿಯಬೇಡಿ. ಅವಳು ಸಂಕೋಚಪಟ್ಟುಕೊಂಡು ನಾಲ್ಕು ಸಾಲು ಬರೆದು ಕೊಟ್ಟಳು. ತನ್ನ ಬಗ್ಗೆ ತಾನೇ ಹೊಗಳಿ ಬರೆಯೋದು ಯಾರಿಗೆ ಬರುತ್ತದೆ? ಬಂದದ್ದು ಇಷ್ಟು: ‘ಶ್ರಮಜೀವಿ, ಪ್ರಾಮಾಣಿಕಳು, ತಂಡದೊಂದಿಗೆ ಚೆನ್ನಾಗಿ ಬೆರೆಯುತ್ತಾಳೆ. ಎಲ್ಲಿ ಹೋದರೂ ಆ ಸಂಸ್ಥೆಗೆ ಆಸ್ತಿ. ಉಜ್ವಲ ಭವಿಷ್ಯ ಹಾರೈಸುತ್ತೇನೆ.’ ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು ಹೇಳುವ ಮಾತಿನ ಹಾಗಿತ್ತು. ಹೆಸರು ತೆಗೆದು ಅಕೌಂಟ್ಸ್ ವಿಭಾಗದ ಹುಡುಗನ ಹೆಸರು ಹಾಕಿದರೂ ನಡೆಯುತ್ತದೆ.

ಓದುವವರ ಕಡೆಯಿಂದ ಇದನ್ನು ಸ್ವಲ್ಪ ಹೇಳಬೇಕು. ಒಂದು ಶಿಫಾರಸು ಕಣ್ಣಿಗೆ ಬಿದ್ದರೆ ನಾನು ಮೊದಲು ನೋಡುವುದು ಹೊಗಳಿಕೆಯನ್ನಲ್ಲ. ಬರೆದವರ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ಬರುತ್ತದೆ, ಇವರು ಇವಳ ಮೇಲಧಿಕಾರಿಯಾಗಿದ್ದರೋ, ಗ್ರಾಹಕರೋ, ಬೇರೆ ವಿಭಾಗದವರೋ ಅಂತ, ಜೊತೆಗೆ ತಾರೀಖು. ಆಮೇಲೆ ನೋಡುವುದು, ಇವರು ಕಣ್ಣಾರೆ ಕಂಡದ್ದು ಏನಾದರೂ ಇದೆಯಾ ಅಂತ. ಇದ್ದರೆ ಇಂಟರ್‌ವ್ಯೂನಲ್ಲಿ ಅದರ ಮೇಲೇ ಮಾತು ಶುರು ಮಾಡಬಹುದು. ಇಲ್ಲದಿದ್ದರೆ ಮುಂದೆ. ಮತ್ತೆ, ಬರೆದುಕೊಟ್ಟ ಶಿಫಾರಸುಗಳು ಬರೆದವರ ಪ್ರೊಫೈಲ್‌ನಲ್ಲೂ ಕಾಣುತ್ತವೆ. ನೀನು ನನಗೆ ಬರಿ, ನಾನು ನಿನಗೆ ಬರೀತೀನಿ ಅಂತ ಒಂದೇ ವಾರದಲ್ಲಿ ಬರೆದುಕೊಂಡದ್ದು ಎರಡೂ ಕಡೆ ತಾರೀಖಿನ ಸಮೇತ ಗೊತ್ತಾಗುತ್ತದೆ. ಇವಳ ಗೆಳತಿಯದು ಹಾಗೇ ಇತ್ತು, ಅವಳು ಬರೆದ ಮಾರನೇ ದಿನವೇ ಇವಳು ಅವಳಿಗೆ ಬರೆದಿದ್ದಳು.

ಹಾಗಾಗಿ ನಾನು ಕೇಳಿದ್ದು, ಈ ಕಂಪನಿಯಲ್ಲಿ ನೀನು ಮಾಡಿದ ಯಾವ ಕೆಲಸ ನೆನಪಿನಲ್ಲಿ ಉಳಿಯುವಂಥದ್ದು, ಅದನ್ನು ಪಕ್ಕದಲ್ಲಿ ನಿಂತು ನೋಡಿದವರು ಯಾರು?

ಸುಮಾರು ಹೊತ್ತು ‘ಹಂಗೇನಿಲ್ರಿ, ದಿನಾ ಮಾಡೋ ಕೆಲಸಾನ’ ಅಂತಲೇ ಹೇಳಿದಳು. ಆಮೇಲೆ ಒಂದು ಕಥೆ ಹೊರಗೆ ಬಂತು. ಅದನ್ನು ಪೂರ್ತಿ ಹೇಳುತ್ತೇನೆ, ಯಾಕಂದರೆ ಈ ಪ್ರಕರಣದ ಜೀವ ಇರುವುದೇ ಅದರಲ್ಲಿ.

ಹಿಂದಿನ ವರ್ಷ ದೀಪಾವಳಿಗೆ ಮುಂಚೆ 6 ಇಂಚಿನ, ಕ್ಲಾಸ್ 150 ಅನ್ನುವ ಒತ್ತಡದ ದರ್ಜೆಯ ಗೇಟ್ ವಾಲ್ವ್‌ಗಳ ಒಂದು ಆರ್ಡರ್ ಇತ್ತು. 40 ವಾಲ್ವ್. ಎಪಿಐ 598 ಅನ್ನುವ ಸ್ಟ್ಯಾಂಡರ್ಡ್ ಪ್ರಕಾರ ಪರೀಕ್ಷೆ. ಮೊದಲು ವಾಲ್ವ್‌ನ ಬಾಡಿಯೊಳಗೆ ನೀರು ತುಂಬಿ, ಅದರ ರೇಟಿಂಗ್‌ನ ಒಂದೂವರೆಪಟ್ಟು ಒತ್ತಡ ಕೊಡುತ್ತಾರೆ, ಈ ಕ್ಲಾಸಿನ ಕಾರ್ಬನ್ ಸ್ಟೀಲ್ ವಾಲ್ವ್‌ಗೆ 450 ಪಿಎಸ್‌ಐ. ಎಲ್ಲೂ ಬೆವರಬಾರದು. ಆಮೇಲೆ ಗೇಟ್ ಮುಚ್ಚಿ, ಅದು ಒತ್ತಿ ಕೂರುವ ರಿಂಗ್, ಅಂದರೆ ಸೀಟ್, ಸೋರುತ್ತದಾ ಅಂತ ನೋಡುವ ಸೀಟ್ ಟೆಸ್ಟ್. ಗಾಳಿ ಬಿಟ್ಟು ಇನ್ನೊಂದು ಕಡೆ ಗುಳ್ಳೆ ಎಣಿಸೋದು. ಈ ಅಳತೆಯ ಮೆಟಲ್ ಸೀಟ್ ವಾಲ್ವ್‌ಗೆ ನಿಮಿಷಕ್ಕೆ 24 ಗುಳ್ಳೆಯವರೆಗೆ ಮಾಫಿ ಇದೆ. ಆ ಲಾಟ್‌ನಲ್ಲಿ 11 ವಾಲ್ವ್‌ಗಳು ಎಣಿಸಲಿಕ್ಕೇ ಆಗದ ಹಾಗೆ ಗುಳ್ಳೆ ಬಿಟ್ಟವು.

ಸೀಟ್ ಸೋರಿದರೆ ಶಾಪ್‌ನಲ್ಲಿ ಎಲ್ಲರೂ ಮಾಡುವುದು ಒಂದೇ. ವಾಲ್ವ್ ಬಿಚ್ಚು, ಮತ್ತೊಂದು ಸಲ ಲ್ಯಾಪಿಂಗ್ ಮಾಡು (ಅಂದರೆ ಸೀಟ್‌ನ ಮುಖ ನಯವಾಗಿ ಉಜ್ಜು), ನೀಲಿ ಬಣ್ಣ ಹಚ್ಚಿ ಎರಡೂ ಮುಖ ಸರಿಯಾಗಿ ಕೂಡುತ್ತವಾ ನೋಡು, ಜೋಡಿಸು, ಟೆಸ್ಟ್ ಬೆಂಚಿಗೆ ಹಾಕು. ಕೆಲವು ಪಾಸಾದವು, ಕೆಲವು ಮತ್ತೆ ಸೋರಿದವು. ಡಿಸ್ಪ್ಯಾಚ್ ಶನಿವಾರ. ಮಾಲು ಯಾವಾಗ ಹೊರಡಬೇಕು ಅಂತ ನೋಡುವ ಪ್ಲಾನಿಂಗ್‌ನವರು ತಲೆ ಮೇಲೆ ನಿಂತಿದ್ದರು. ಇವಳು ಮಾಡಿದ್ದೇನು ಅಂದರೆ, ಸೋರಿದ ಪ್ರತಿ ವಾಲ್ವ್‌ನ ಬಾಡಿಯ ಮೇಲೆ ಸೀಮೆಸುಣ್ಣದಿಂದ ಗುಳ್ಳೆ ಎಲ್ಲಿ ಏಳುತ್ತಿದೆ ಅಂತ ಗಡಿಯಾರದ ಲೆಕ್ಕದಲ್ಲಿ ಬರೆದಳು. 12ರ ಜಾಗ ಫ್ಲಾಂಜ್‌ನ, ಅಂದರೆ ಪೈಪಿಗೆ ಜೋಡಿಸುವ ಅಂಚಿನ, ಮೇಲ್ಭಾಗ; ವಾಲ್ವ್‌ನ ಎರಡು ಬದಿಗೆ ಎ, ಬಿ. ಒಂದರ ಮೇಲೆ ‘ಎ ಸೈಡ್, 4 ಗಂಟೆ’. ಇನ್ನೊಂದರ ಮೇಲೆ ‘ಬಿ ಸೈಡ್, 4-5 ಗಂಟೆ’. ಹೀಗೆ ಸಾಲಾಗಿ ಇಟ್ಟು ನೋಡಿದರೆ ಹೆಚ್ಚುಕಡಿಮೆ ಎಲ್ಲವೂ ಒಂದೇ ಕಡೆ ಸೋರುತ್ತಿದ್ದವು. ಲ್ಯಾಪಿಂಗ್ ಕೈ ಕೆಟ್ಟಿದ್ದರೆ ಎಲ್ಲೆಂದರಲ್ಲಿ ಸೋರಬೇಕಿತ್ತು ಅಲ್ವಾ?

ಲ್ಯಾಪಿಂಗ್ ಸೆಕ್ಷನ್‌ನಲ್ಲಿ ಒಬ್ಬ ಹಿರಿಯರಿದ್ದಾರೆ, ಎಲ್ಲರೂ ಕಾಕಾ ಅನ್ನುತ್ತಾರೆ. ಅವರು ಗುರುತು ನೋಡಿದವರೇ, ಸೀಟ್ ರಿಂಗನ್ನು ವಾಲ್ವ್‌ನ ಬಾಡಿಯೊಳಗೆ ವೆಲ್ಡ್ ಮಾಡುವವನು ಎಲ್ಲಿ ಶುರು ಮಾಡಿ ಎಲ್ಲಿ ಮುಗಿಸುತ್ತಾನೆ ಅಂತ ಕೇಳಿದರು. ಹೋಗಿ ನೋಡಿದರೆ ಅದೇ 4 ಗಂಟೆ. ಟೈಮ್ ಉಳಿಸೋಕೆ ಆ ಸಲ ಮೊದಲೇ ಫಿನಿಶ್ ಮಾಡಿದ ರಿಂಗ್‌ಗಳನ್ನು ಕೂರಿಸಿ, ಸುತ್ತ ಒಂದೇ ಉಸಿರಿಗೆ ಸೀಲ್ ವೆಲ್ಡ್ ಮಾಡಿ, ಮೇಲೆ ಸ್ವಲ್ಪ ಲ್ಯಾಪಿಂಗ್ ಹೊಡೆದು ಕಳಿಸುತ್ತಿದ್ದರು. ವೆಲ್ಡ್‌ನ ಕಾವಿಗೆ ರಿಂಗ್ ಸೊಟ್ಟಗಾಗುತ್ತಿತ್ತು. ಎಷ್ಟು ಲ್ಯಾಪಿಂಗ್ ಮಾಡಿದರೂ ಅಷ್ಟು ಸೊಟ್ಟ ಹೋಗುವುದಿಲ್ಲ. ಇವಳು ಲಾಟ್ ಪೂರ್ತಿ ತಡೆದು ಎನ್‌ಸಿಆರ್, ಅಂದರೆ ದೋಷದ ವರದಿ, ಬರೆದಳು. ಪಾಸಾದವನ್ನೂ ಬಿಡಲಿಲ್ಲ, ಅವೂ ಅದೇ ದಾರಿಯಲ್ಲಿ ಬಂದವಲ್ಲವೇ. ವೆಲ್ಡಿಂಗನ್ನು ನಾಲ್ಕು ತುಂಡಾಗಿ, ಎದುರುಬದುರು ಮಾಡುವ ಹಾಗೆ, ಸೀಟ್‌ನ ಫಿನಿಶ್ ಗ್ರೈಂಡಿಂಗ್ ವೆಲ್ಡ್ ಆದ ಮೇಲೆಯೇ ಆಗುವ ಹಾಗೆ ಬದಲಿಸಿದರು. ಡಿಸ್ಪ್ಯಾಚ್ ಒಂದು ವಾರ ತಡವಾಯಿತು. ಪ್ಲಾನಿಂಗ್‌ನ ಮುಖ್ಯಸ್ಥರು ಎಲ್ಲರ ಎದುರು ಇವಳ ಮೇಲೆ ರೇಗಿದರು: “ಮೇಡಂ, ಪಾಸ್ ಆಗಿದ್ದನ್ನೂ ಹಿಡಕೊಂಡು ಕುಂತ್ರ ನಾ ಗಿರಾಕಿಗೆ ಏನ್ ಹೇಳ್ಲಿ? ನೀವ ಮಾತಾಡ್ರಿ ಹಂಗಾರ!”

ಕಥೆ ಕೇಳಿ ನಾನು ಹೇಳಿದೆ, ಶಿಫಾರಸನ್ನು ಮೊದಲು ಈ ಪ್ಲಾನಿಂಗ್ ಮುಖ್ಯಸ್ಥರನ್ನೇ ಕೇಳಬೇಕು.

ಅವಳಿಗೆ ಅದು ಹುಚ್ಚು ಅನ್ನಿಸಿತು. “ಜಗಳಾ ಆಡಿದವ್ರ ಹತ್ರ ಹೋಗಿ ನನ್ನ ಹೊಗಳ್ರಿ ಅನ್ಲೇನು?” ನನ್ನ ಲೆಕ್ಕ ಬೇರೆ ಇತ್ತು. ಕ್ಯೂಸಿಯವರನ್ನು ಕ್ಯೂಸಿಯವರು ಹೊಗಳಿದರೆ ಅದು ಮನೆಯೊಳಗಿನ ಮಾತು. ಕ್ಯೂಸಿಯಿಂದ ತೊಂದರೆ ತಿಂದ ಪ್ಲಾನಿಂಗ್‌ನವರು ‘ಅವತ್ತು ಅವಳು ಮಾಡಿದ್ದು ಸರಿ’ ಅಂದರೆ ಓದುವವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಅದೂ ಅಲ್ಲದೆ ಆ ಮುಖ್ಯಸ್ಥರು ಈಗ ಆ ಕಂಪನಿಯಲ್ಲಿ ಇರಲಿಲ್ಲ, ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾಕ್ಕೆ ಬೇರೆ ಕಡೆ ಸೇರಿದ್ದರು. ಈಗಿರುವ ಕಂಪನಿಯ ಒಳಗಿನವರನ್ನು ಸಾಲಾಗಿ ಕೇಳಿದರೆ ‘ಇವಳು ಹೊರಟಿದ್ದಾಳೆ’ ಅಂತ ಮಧ್ಯಾಹ್ನದ ಊಟದೊಳಗೆ ಸುದ್ದಿ ಹಬ್ಬುತ್ತದೆ. ಕಂಪನಿ ಬಿಟ್ಟುಹೋದವರ ಹತ್ತಿರ ಆ ಭಯ ಇಲ್ಲ. ಅವರಿಗೆ ಹಳೆಯ ಮ್ಯಾನೇಜ್‌ಮೆಂಟ್‌ನ ಹಂಗೂ ಇರುವುದಿಲ್ಲ.

ಇನ್ನಿಬ್ಬರು ಪಟ್ಟಿಗೆ ಬಂದರು. ಆ ವಾಲ್ವ್‌ಗಳ ಇನ್ಸ್‌ಪೆಕ್ಷನ್‌ಗೆ ಬಂದಿದ್ದ ಥರ್ಡ್ ಪಾರ್ಟಿ, ಅಂದರೆ ಹೊರಗಿನ ತಪಾಸಣೆ ಸಂಸ್ಥೆಯ, ಇನ್ಸ್‌ಪೆಕ್ಟರ್ ಒಬ್ಬರು. ಕಾಸ್ಟಿಂಗ್ (ಎರಕದ ಭಾಗಗಳು) ಖರೀದಿ ನೋಡುತ್ತಿದ್ದು, ಈಗ ಬೆಳಗಾವಿಯ ಫೌಂಡ್ರಿಯೊಂದರಲ್ಲಿರುವ ಹಳೆಯ ಸಹೋದ್ಯೋಗಿ ಇನ್ನೊಬ್ಬರು. ಕಾಕಾನ ಹೆಸರು ಅವಳೇ ಹೇಳಿದಳು, ಆದರೆ ಕಾಕಾಗೆ ಲಿಂಕ್ಡ್‌ಇನ್ ಇಲ್ಲ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕೇಳಿದ ಕ್ರಮ ಹೀಗಿತ್ತು. ಮೊದಲು ಫೋನ್, ಆಮೇಲೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ, ಅವರು ಹೂಂ ಅಂದ ಮೇಲೆ ಮಾತ್ರ ಲಿಂಕ್ಡ್‌ಇನ್‌ನ ಬಟನ್. ಬಟನ್ನೇ ಮೊದಲು ಒತ್ತಿದರೆ ಇಲ್ಲ ಅನ್ನಲು ಅವರಿಗೆ ದಾರಿ ಇರುವುದಿಲ್ಲ, ಸುಮ್ನೆ ಬಿಟ್ಟುಬಿಡುತ್ತಾರೆ, ಆಮೇಲೆ ಎದುರು ಸಿಕ್ಕಾಗ ಇಬ್ಬರಿಗೂ ಮುಜುಗರ. ಪ್ಲಾನಿಂಗ್ ಮುಖ್ಯಸ್ಥರಿಗೆ ರೈಲಿನಲ್ಲಿ ಕೂತು ಅವಳು ಟೈಪ್ ಮಾಡಿದ ಸಂದೇಶ ಇದು, ಅವಳ ಒಪ್ಪಿಗೆಯಿಂದ ಹಾಕುತ್ತಿದ್ದೇನೆ:

“ನಮಸ್ಕಾರ ಸರ್. ನಿನ್ನೆ ಫೋನಿನಲ್ಲಿ ಹೇಳಿದ ವಿಷಯ. ಪುಣೆ ಕಡೆ ಸಪ್ಲೈಯರ್ ಕ್ವಾಲಿಟಿ ಕೆಲಸಕ್ಕೆ ಪ್ರಯತ್ನ ಮಾಡುತ್ತಿದ್ದೇನೆ. ಅಲ್ಲಿ ಅವರಿಗೆ ಬೇಕಾದದ್ದು, ಡಿಸ್ಪ್ಯಾಚ್ ಒತ್ತಡ ಇದ್ದಾಗಲೂ ಲಾಟ್ ತಡೆಯುವವರು, ತಡೆದ ಮೇಲೆ ಕಾರಣ ಹುಡುಕುವವರು. ದೀಪಾವಳಿ ಮುಂಚಿನ 6 ಇಂಚಿನ ಗೇಟ್ ವಾಲ್ವ್ ಲಾಟ್ ನಿಮಗೆ ನೆನಪಿರಬಹುದು. ಪಾಸಾದ ವಾಲ್ವ್‌ಗಳನ್ನೂ ನಾನು ಹಿಡಿದಿಟ್ಟೆ ಅಂತ ನೀವು ಸಿಟ್ಟಾಗಿದ್ದಿರಿ. ಆಮೇಲೆ ಸೀಟ್ ವೆಲ್ಡಿಂಗ್ ಕ್ರಮ ಬದಲಾಯಿತು. ಅದರ ಬಗ್ಗೆ ನಿಮಗೆ ಅನ್ನಿಸಿದ್ದನ್ನು ಐದಾರು ಸಾಲು ಬರೆದುಕೊಡಲು ಆಗುತ್ತದಾ? ನಿಮ್ಮ ಸಿಟ್ಟೂ ಅದರಲ್ಲಿ ಇರಲಿ, ಪರವಾಗಿಲ್ಲ. ಗಿರಾಕಿ ಹೆಸರು, ಆರ್ಡರ್ ನಂಬರ್ ಮಾತ್ರ ಬೇಡ. ಈ ತಿಂಗಳ ಕೊನೆಯೊಳಗೆ ಆದರೆ ಅನುಕೂಲ. ಬರೆಯೋದು ಬೇಡ ಅನ್ನಿಸಿದರೆ ಬೇಡ ಅಂತ ಹೇಳಿಬಿಡಿ ಸರ್, ನನಗೇನೂ ಬೇಜಾರಿಲ್ಲ.”

ಇದರಲ್ಲಿ ‘ಒಳ್ಳೆಯದು ಬರೆಯಿರಿ’ ಅಂತ ಎಲ್ಲೂ ಇಲ್ಲ, ಗಮನಿಸಿ. ಏನು ಕೆಲಸಕ್ಕೆ ಅಂತ ಇದೆ, ಯಾವ ಘಟನೆ ಅಂತ ಇದೆ, ಯಾವತ್ತಿನೊಳಗೆ ಅಂತ ಇದೆ, ಇಲ್ಲ ಅನ್ನಲು ಬಾಗಿಲು ಇದೆ. ಆಫೀಸ್ ಬಿಟ್ಟು ವರ್ಷ ಆದವರಿಗೆ ನೀವು ಒಳ್ಳೆಯವರು ಅನ್ನೋದು ನೆನಪಿರುತ್ತದೆ, ಯಾಕೆ ಒಳ್ಳೆಯವರು ಅನ್ನೋದು ಮರೆತಿರುತ್ತದೆ. ಅದನ್ನು ಜ್ಞಾಪಿಸೋದು ಕೇಳುವವರ ಕೆಲಸ. ಗಿರಾಕಿ ಹೆಸರಿನ ಮಾತು ಅವಳೇ ಸೇರಿಸಿದ್ದು, ನನಗೆ ತುಂಬಾ ಹಿಡಿಸಿತು. ಹಳೆಯ ಕಂಪನಿಯ ಆರ್ಡರ್ ವಿವರ ಊರ ತುಂಬಾ ಹರಡುವವಳನ್ನು ಯಾರು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ?

ಅವರು ಫೋನ್ ಮಾಡಿ ನಕ್ಕರಂತೆ. “ಅವತ್ತ ನಾ ಭಾಳ ಬೈದಿದ್ದೆ ಅಲ್ರಿ? ಬರಿತೀನಿ ಬಿಡ್ರಿ. ಆದ್ರ ನನ್ನ ಇಂಗ್ಲಿಷ್ ಅಷ್ಟಕ್ಕಷ್ಟ, ನೀವ ಬರ್ದು ಕೊಟ್ರ ಚಲೋ ಆಗ್ತಿತ್ತು.” ಮತ್ತೆ ಅದೇ! ಈ ಸಲ ಅವಳು ಬರೆದುಕೊಡಲಿಲ್ಲ. ಬದಲಿಗೆ ಎನ್‌ಸಿಆರ್‌ನಲ್ಲಿ ಇದ್ದ ಸಂಗತಿಗಳನ್ನು ನೆನಪಿಸಿ ಕಳಿಸಿದಳು: ಎಷ್ಟು ವಾಲ್ವ್, ಎಷ್ಟು ಸೋರಿದವು, ಎಷ್ಟು ದಿನ ತಡವಾಯಿತು, ಏನು ಬದಲಾಯಿತು. ಹೊಗಳಿಕೆಯ ಒಂದು ಪದವನ್ನೂ ಕೊಡಲಿಲ್ಲ. ಕನ್ನಡದಲ್ಲಿ ಬರೆದರೂ ಆಗುತ್ತದೆ ಸರ್, ಅಂತಲೂ ಹೇಳಿದ್ದಳು. ಪುಣೆಯವರು ಓದಬೇಕಲ್ಲ ಅಂತ ಅವರೇ ಇಂಗ್ಲಿಷ್‌ನಲ್ಲಿ ಬರೆಯುತ್ತೇನೆ ಅಂದರು.

ನಾಲ್ಕು ದಿನ ಆದ ಮೇಲೆ ಬಂದದ್ದನ್ನು ಓದಿ ನನಗೆ ತಲೆ ಬಿಸಿಯಾಯಿತು. ಯಾವುದೋ ಎಐ ಟೂಲಿಗೆ ಹಾಕಿ ಚಂದ ಮಾಡಿಸಿದ್ದರು. ‘ಅಚಲ ಬದ್ಧತೆ’, ‘ಗುಣಮಟ್ಟದ ದಾರಿದೀಪ’, ಇನ್ನೂ ಏನೇನೋ. ಸೀಮೆಸುಣ್ಣವೂ ಇಲ್ಲ, ಸಿಟ್ಟೂ ಇಲ್ಲ. ಮೇಲಾಗಿ ‘ಏಕಾಂಗಿಯಾಗಿ ಸಮಸ್ಯೆ ಬಗೆಹರಿಸಿದರು’ ಅಂತ ಒಂದು ಸಾಲು. ಇದು ಸುಳ್ಳು. ವೆಲ್ಡ್ ಶುರುವಾಗುವ ಜಾಗ ಕೇಳಿದ್ದು ಕಾಕಾ. ಶಾಪ್ ಫ್ಲೋರ್‌ನವರು ನಾಳೆ ಇದನ್ನು ಓದಿದರೆ ಏನಂದುಕೊಳ್ಳಬೇಕು?

ಲಿಂಕ್ಡ್‌ಇನ್‌ನಲ್ಲಿ ಶಿಫಾರಸು ಬಂದ ಕೂಡಲೇ ಅದು ಪ್ರೊಫೈಲ್ ಮೇಲೆ ಹತ್ತುವುದಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ನೀವು ಒಪ್ಪಿ ಸೇರಿಸಿದರೆ ಮಾತ್ರ ಕಾಣುತ್ತದೆ. ತಿದ್ದಿಕೊಡಿ ಅಂತ ವಾಪಸ್ ಕಳಿಸಬಹುದು. ಸೇರಿಸಿದ ಮೇಲೂ ಬೇಕಾದಾಗ ಮರೆಮಾಡಬಹುದು. ಬರೆದವರೂ ತಮ್ಮದನ್ನು ತಿದ್ದಬಹುದು, ತೆಗೆದುಹಾಕಬಹುದು. ಅವಳು ಫೋನ್ ಮಾಡಿ, “ಸರ್, ಅವತ್ತು ಫೋನಿನಲ್ಲಿ ಹೇಳಿದಿರಲ್ಲ, ಅದನ್ನೇ ಹಾಗೇ ಬರೆದುಬಿಡಿ, ಇಂಗ್ಲಿಷ್ ತಪ್ಪಾದರೂ ಆಗಲಿ, ಮತ್ತೆ ಕಾಕಾನ ಪಾಲು ಬಿಟ್ಟುಹೋಗಿದೆ” ಅಂದಳು. ಹೊಗಳಿಕೆ ಕಡಿಮೆ ಮಾಡಿ ಅಂತ ಕೇಳಿದವರು ಅವರ ಸರ್ವಿಸಿನಲ್ಲೇ ಯಾರೂ ಇರಲಿಲ್ಲವಂತೆ.

ಎರಡನೇ ಸಲ ಬಂದದ್ದರ ತಿರುಳು ಇಷ್ಟು, ಕನ್ನಡದಲ್ಲಿ ಹೇಳುತ್ತಿದ್ದೇನೆ: ‘ನಾನು ಆಗ ಪ್ಲಾನಿಂಗ್ ನೋಡುತ್ತಿದ್ದೆ. ಇವರು ಡಿಸ್ಪ್ಯಾಚ್ ಆಗಬೇಕಿದ್ದ ಪೂರ್ತಿ ಲಾಟ್ ತಡೆದರು. ಟೆಸ್ಟ್ ಪಾಸಾದ ವಾಲ್ವ್‌ಗಳನ್ನೂ ಬಿಡಲಿಲ್ಲ. ನನಗೆ ಸಿಟ್ಟು ಬಂದು ಎಲ್ಲರ ಎದುರು ಮಾತಾಡಿದೆ. ಅವರು ಜಗಳಕ್ಕೆ ಬರಲಿಲ್ಲ, ಸೋರುವ ಜಾಗಗಳ ಗುರುತು ತೋರಿಸಿದರು. ಲ್ಯಾಪಿಂಗ್ ಸೆಕ್ಷನ್‌ನ ಹಿರಿಯರ ಜೊತೆ ಸೇರಿ ಕಾರಣ ಹಿಡಿದರು. ನಮಗೆ ಒಂದು ವಾರ ತಡವಾಯಿತು. ನಾನು ಆ ಕಂಪನಿ ಬಿಡುವವರೆಗೆ ಆ ಅಳತೆಯಲ್ಲಿ ಸೀಟ್ ಸೋರಿಕೆಯ ದೂರು ಮತ್ತೆ ನನ್ನ ಟೇಬಲ್‌ಗೆ ಬರಲಿಲ್ಲ. ಇವತ್ತು ನನ್ನ ಹೊಸ ಜಾಗದಲ್ಲಿ ಇಂಥವರು ಇದ್ದರೆ ನನಗೆ ತೊಂದರೆ ಜಾಸ್ತಿ, ನಿದ್ದೆಯೂ ಜಾಸ್ತಿ.’

ಕೊನೆಯ ಸಾಲು ಅವರದೇ. ಯಾವ ಟೂಲೂ ಅದನ್ನು ಬರೆಯುತ್ತಿರಲಿಲ್ಲ.

ಇನ್ಸ್‌ಪೆಕ್ಟರ್ ಆಗಲ್ಲ ಅಂದರು. ಕಾರಣ ಸರಿಯಾಗೇ ಇತ್ತು. ಅವರು ಈಗಲೂ ಅದೇ ಘಟಕಕ್ಕೆ ಇನ್ಸ್‌ಪೆಕ್ಷನ್‌ಗೆ ಬರುತ್ತಾರೆ. ತಾನು ಪರೀಕ್ಷೆ ಮಾಡುವ ಕಡೆಯ ಕ್ಯೂಸಿಯವರನ್ನು ತಾನೇ ಬಹಿರಂಗವಾಗಿ ಹೊಗಳಿದರೆ ನಾಳೆ ಅವರ ಸಹಿಯ ಮೇಲೆ ಯಾರಾದರೂ ಬೆರಳು ತೋರಿಸಬಹುದು. ಇನ್ಸ್‌ಪೆಕ್ಷನ್ ಸಂಸ್ಥೆಗಳಿಗೆ ಇರುವ ಐಎಸ್‌ಒ/ಐಇಸಿ 17020 ಸ್ಟ್ಯಾಂಡರ್ಡ್‌ನಲ್ಲಿ ನಿಷ್ಪಕ್ಷಪಾತಕ್ಕೇ ದೊಡ್ಡ ಜಾಗ ಇದೆ. ಅವಳು ಥ್ಯಾಂಕ್ಸ್ ಹೇಳಿ ಅಲ್ಲಿಗೇ ಬಿಟ್ಟಳು. ಇನ್ನೊಂದು ಸಲ ಕೇಳಲಿಲ್ಲ. ಅವರು ಇಲ್ಲ ಅಂದದ್ದು ನನಗೆ ಒಳ್ಳೆಯದೇ ಅನ್ನಿಸಿತು, ಆ ಶಿಫಾರಸನ್ನು ನಾನು ಓದಿದ್ದರೆ ಅನುಮಾನವೇ ಬರುತ್ತಿತ್ತು.

ಬೆಳಗಾವಿಯವರದು ಸರಳವಾಗಿ ಆಯಿತು. ಕಾಸ್ಟಿಂಗ್ ತಿರಸ್ಕರಿಸುವಾಗ ಬರೀ ‘ರಿಜೆಕ್ಟ್’ ಅಂತ ಬರೆಯದೆ, ಎಲ್ಲಿ, ಎಷ್ಟು ಆಳ, ರಿಪೇರಿ ಆಗುತ್ತದೋ ಇಲ್ಲವೋ ಅಂತ ಫೋಟೊ ಸಮೇತ ಕಳಿಸುತ್ತಿದ್ದಳು, ಅದರಿಂದ ಫೌಂಡ್ರಿಯವರ ಜೊತೆ ತನ್ನ ವಾದ ಅರ್ಧ ಕಡಿಮೆ ಆಯಿತು ಅಂತ ಬರೆದರು. ಚಿಕ್ಕದು, ಚೊಕ್ಕದು. ಆದರೆ ಅವರೂ ಒಂದು ಮಾತು ಕೇಳಿದರು, ತಂಗಿ, ನನಗೂ ಒಂದು ಬರೆದುಕೊಡು ಅಂತ. ಬರೆದುಕೊಡೋದರಲ್ಲಿ ತಪ್ಪಿಲ್ಲ, ಅವಳಿಗೆ ಅವರ ಕೆಲಸ ನಿಜವಾಗಿ ಗೊತ್ತಿತ್ತು. ತಕ್ಷಣ ಬರೆಯಬೇಡ ಅಂದೆ. ಅವಳು ಅದನ್ನೇ ಅವರಿಗೆ ನೇರವಾಗಿ ಹೇಳಿದಳು: “ಅಣ್ಣಾರ, ಇಬ್ಬರದೂ ಒಂದೇ ವಾರ ಬಂದರೆ ಎರಡಕ್ಕೂ ಬೆಲೆ ಹೋಗುತ್ತದೆ, ಕೆಲವು ತಿಂಗಳು ಬಿಟ್ಟು ಬರೆಯುತ್ತೇನೆ, ಯಾವ ಕೆಲಸದ ಬಗ್ಗೆ ಬೇಕು ಅಂತ ನೀವು ಹೇಳಿರಿ.” ಅವರು ಒಪ್ಪಿದರು. ಆಮೇಲೆ ಬರೆದೂ ಕೊಟ್ಟಳು.

ಜಿಎಂ ಅವರದನ್ನು ಏನು ಮಾಡೋದು ಅನ್ನೋದು ತಲೆನೋವಾಯಿತು. ಮರೆಮಾಡಿದರೆ ಅವರಿಗೆ ಗೊತ್ತಾಗಬಹುದು, ಬೇಜಾರಾಗಬಹುದು. ಇಟ್ಟರೆ ಪ್ರೊಫೈಲ್ ತೆಳುವಾಗುತ್ತದೆ. ನಾನು ಇರಲಿ ಬಿಡು ಅಂದೆ. ಮೇಲಧಿಕಾರಿಯ ಒಂದು ಸಪ್ಪೆ ಶಿಫಾರಸು ಯಾರಿಗೂ ಹಾನಿ ಮಾಡುವುದಿಲ್ಲ, ಪಕ್ಕದಲ್ಲಿ ಗಟ್ಟಿಯಾದದ್ದು ಎರಡು ಇದ್ದರಂತೂ ಇಲ್ಲವೇ ಇಲ್ಲ. ಗೆಳತಿಯದನ್ನು ಮಾತ್ರ, ಅವಳಿಗೆ ಹೇಳಿಯೇ, ಮರೆಮಾಡಿದಳು. ಇನ್ನೊಂದು ಸೂಕ್ಷ್ಮ. ಕೆಲಸ ಹುಡುಕುತ್ತಿದ್ದೇನೆ ಅನ್ನೋದನ್ನು ಲಿಂಕ್ಡ್‌ಇನ್‌ನಲ್ಲಿ ರಿಕ್ರೂಟರ್‌ಗಳಿಗೆ ಮಾತ್ರ ಕಾಣುವ ಹಾಗೆ ಇಡಬಹುದು, ನಿಮ್ಮದೇ ಕಂಪನಿಯ ರಿಕ್ರೂಟರ್‌ಗಳಿಗೆ ಅದು ಕಾಣದಿರಲು ಕ್ರಮ ತೆಗೆದುಕೊಳ್ಳುತ್ತೇವೆ ಅನ್ನುತ್ತಾರೆ, ಪೂರ್ತಿ ಖಾತ್ರಿ ಮಾತ್ರ ಕೊಡುವುದಿಲ್ಲ. ಕೆಲಸ ಹುಡುಕುತ್ತಿದ್ದೇನೆ ಅಂತ ಎಲ್ಲರಿಗೂ ತೋರಿಸುವ ಹಸಿರು ಪಟ್ಟಿಯನ್ನು ಅವಳು ಫೋಟೊಗೆ ಹಾಕಿಕೊಳ್ಳಲಿಲ್ಲ. ಹುಬ್ಬಳ್ಳಿಯಂಥ ಊರಲ್ಲಿ ಒಂದು ವಾಲ್ವ್ ಕಂಪನಿಯ ಮಾತು ಇನ್ನೊಂದು ವಾಲ್ವ್ ಕಂಪನಿಗೆ ಹೋಗೋಕೆ ಇಂಟರ್‌ನೆಟ್ ಬೇಕಿಲ್ಲ, ಒಂದು ಚಹಾದ ಅಂಗಡಿ ಸಾಕು.

ಇನ್ನು ಕಾಕಾ. ಎಲ್ಲರಿಗಿಂತ ಜಾಸ್ತಿ ಅವಳ ಕೆಲಸ ನೋಡಿದವರು ಅವರೇ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಫಸ್ಟ್ ಡಿಗ್ರಿ, ಅಂದರೆ ನೇರ, ಕನೆಕ್ಷನ್ ಆಗಿರುವವರು ಮಾತ್ರ ಶಿಫಾರಸು ಬರೆಯಬಹುದು, ಕಾಕಾಗೆ ಅಕೌಂಟೇ ಇಲ್ಲ. ಅವರ ಮಗ, “ನಾ ಮಾಡಿಕೊಡ್ತೀನ್ರಿ ಅಕ್ಕಾರ, ಅಪ್ಪಾ ಹೇಳಿದ್ದು ನಾನ ಟೈಪ್ ಮಾಡ್ತೀನಿ” ಅಂದನಂತೆ. ಅವಳಿಗೆ ಆಸೆಯಾಯಿತು. ನಾನು ಬೇಡ ಅಂದೆ. ಶಿಫಾರಸು ಬರೆಯಲಿಕ್ಕಾಗೇ ಹುಟ್ಟಿದ ಅಕೌಂಟು, ಫೋಟೊ ಇಲ್ಲ, ಎರಡು ಕನೆಕ್ಷನ್, ಒಂದೇ ಒಂದು ಶಿಫಾರಸು. ನೋಡಿದ ಯಾರಿಗಾದರೂ ಸುಳ್ಳು ಅಕೌಂಟ್ ಅನ್ನಿಸುತ್ತದೆ. ಅಪ್ಪಟ ನಿಜದ ಮಾತು ಸುಳ್ಳಿನ ವೇಷದಲ್ಲಿ ಯಾಕೆ ಬರಬೇಕು? ಕಾಕಾನೇ ದಾರಿ ತೋರಿಸಿದರು: “ಅದೆಲ್ಲಾ ನನಗ ತಿಳಿಯಂಗಿಲ್ಲವಾ. ಯಾರರ ಫೋನ್ ಹಚ್ಚಿದ್ರ ನಾ ಹೇಳ್ತೀನಿ, ನಂಬರ್ ಕೊಡು.” ಹಾಗಾಗಿ ರೆಫರೆನ್ಸ್‌ಗೆ ಕಾಕಾನ ಫೋನ್ ನಂಬರ್. ಹುದ್ದೆಯ ಜಾಗದಲ್ಲಿ ಏನನ್ನೂ ಉಬ್ಬಿಸದೆ ‘ಸೀನಿಯರ್ ಲ್ಯಾಪಿಂಗ್ ಆಪರೇಟರ್’ ಅಂತಲೇ ಬರೆದಳು. ನಾನು ಇಷ್ಟು ವರ್ಷದಲ್ಲಿ ರೆಫರೆನ್ಸ್ ಪಟ್ಟಿಯಲ್ಲಿ ಮ್ಯಾನೇಜರ್, ಡೈರೆಕ್ಟರ್, ಪ್ರೊಫೆಸರ್ ಬಿಟ್ಟು ಬೇರೆಯವರನ್ನು ಕಂಡದ್ದು ಬಹಳ ಕಡಿಮೆ.

ಪುಣೆಯ ಒಂದು ಕಂಪನಿಯಿಂದ ಕರೆ ಬಂತು. ಶಿಫಾರಸಿನಿಂದಲೇ ಬಂತು ಅಂತ ನಾನು ಹೇಳಲಾರೆ. ಅದೇ ಹೊತ್ತಿಗೆ ಅವಳು ರೆಸ್ಯೂಮೆಯನ್ನೂ ತಿದ್ದಿದ್ದಳು, ‘ಜವಾಬ್ದಾರಿಗಳು’ ಅಂತ ಇದ್ದ ಉದ್ದನೆಯ ಪಟ್ಟಿ ತೆಗೆದು ಮಾಡಿದ ಕೆಲಸಗಳನ್ನು ಹಾಕಿದ್ದಳು. ಇಂಟರ್‌ವ್ಯೂನಲ್ಲಿ ಮಾತ್ರ ಅವರು ಪ್ಲಾನಿಂಗ್‌ನವರ ಶಿಫಾರಸನ್ನು ಓದಿಯೇ ಬಂದಿದ್ದರು. ಮೊದಲ ಪ್ರಶ್ನೆಯೇ, ಪಾಸಾದ 29 ವಾಲ್ವ್‌ಗಳನ್ನು ಯಾಕೆ ತಡೆದೆ, ಅದರ ಖರ್ಚು ಯಾರು ಕೊಟ್ಟರು ಅಂತ. ಅರ್ಧ ಗಂಟೆ ಅದರ ಮೇಲೇ ಹೋಯಿತಂತೆ. ಬೋರ್ಡ್ ಮೇಲೆ ಸೀಟ್ ರಿಂಗ್ ಬರೆದು, ವೆಲ್ಡ್‌ನ ನಾಲ್ಕು ತುಂಡು ತೋರಿಸಿ, ಗ್ರೈಂಡಿಂಗ್ ಯಾಕೆ ಆಮೇಲೆ ಅಂತ ವಿವರಿಸಿ ಬಂದಳು. ಆ ಶಿಫಾರಸು ಅವಳದೇ ಬರಹ ಆಗಿದ್ದರೂ ಇಷ್ಟನ್ನು ಹೇಳುತ್ತಿದ್ದಳೋ ಏನೋ, ಆದರೆ ಪ್ರಶ್ನೆ ಅಲ್ಲಿಗೆ ಬರುತ್ತಿರಲಿಲ್ಲ.

ಆಮೇಲೆ ಅವರು ಕಾಕಾಗೆ ಫೋನ್ ಮಾಡಿದರು, ಕೆಲಸದ ಹೊತ್ತಿನಲ್ಲೇ. ಕಾಕಾ ತಮ್ಮ ಹುಬ್ಬಳ್ಳಿ ಹಿಂದಿಯಲ್ಲಿ ಸೀಮೆಸುಣ್ಣದ ಕಥೆ ಪೂರ್ತಿ ಹೇಳಿದರಂತೆ. ಹೇಳಿ ಸುಮ್ಮನಾಗಲಿಲ್ಲ, ಒಂದು ದೂರನ್ನೂ ಸೇರಿಸಿದರು: ಹುಡುಗಿ ಒಳ್ಳೆಯವಳು, ಆದರೆ ರಿಪೋರ್ಟ್ ಬರೆಯುತ್ತಾ ಕೂತರೆ ಟೆಸ್ಟ್ ಬೆಂಚ್ ಕಾಯುತ್ತಾ ನಿಂತಿರುತ್ತದೆ, ಎರಡನೇ ಶಿಫ್ಟಿನವರು ಬೈಯುತ್ತಾರೆ. ಎರಡನೇ ಸುತ್ತಿನಲ್ಲಿ ಪುಣೆಯವರು ಅದನ್ನೂ ಕೇಳಿದರು. ಅವಳು ಹೌದು, ನಿಜ ಅಂದಳು. ಆಫರ್ ಲೆಟರ್ ಮುಂದಿನ ವಾರ ಬಂತು. ನೋಟಿಸ್ ಪೀರಿಯಡ್‌ನಲ್ಲಿ ಹದಿನೈದು ದಿನ ಕಡಿಮೆ ಮಾಡಿಕೊಡಿ ಅಂತ ಕೇಳಲು ಜಿಎಂ ಸಾಹೇಬರ ಕ್ಯಾಬಿನ್ನಿಗೇ ಹೋಗಬೇಕಾಯಿತು. ಒಂದು ವಾರ ಕಡಿಮೆ ಮಾಡಿದರು.